ಪರಿಶೇಷಾನುಮಾನವೂ ಆದಿವಿಶ್ವದ ವಿಕಿರಣವೂ: ೧೯೬೫ರ ಎರಡು ಪತ್ರಗಳ ವಿಮರ್ಶೆ

೧. ವಿಷಯಪ್ರವೇಶ

ವಿಮರ್ಶೆಯೆಂದರೆ ಕಾವ್ಯನಾಟಕಗಳ ಗುಣದೋಷನಿರೂಪಣೆ ಮಾತ್ರವೆಂಬ ಭಾವನೆ ರೂಢಿಯಾಗಿದೆ. ಆದರೆ ಶಾಸ್ತ್ರವಾಕ್ಯವೂ ವಾಕ್ಯವೇ. ಅದಕ್ಕೂ ಉಪಕ್ರಮೋಪಸಂಹಾರಗಳುಂಟು, ತಾತ್ಪರ್ಯವುಂಟು. ಅದನ್ನು ಓದುವವರಲ್ಲಿಯೂ ಯಥಾರ್ಥಗ್ರಹಣ, ಅನ್ಯಥಾಗ್ರಹಣ, ಅತಿವ್ಯಾಖ್ಯಾನಗಳೆಂಬ ಮೂರು ಗತಿಗಳುಂಟು. ವಿಶ್ವದ ಆದ್ಯಾವಸ್ಥೆಯನ್ನು ಕುರಿತು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬೆಳೆದುಬಂದ ಶಾಸ್ತ್ರಕ್ಕೆ ಮೂಲವೆನಿಸಿರುವುವು ಎರಡು ಚಿಕ್ಕ ಪತ್ರಗಳು. ಅಮೆರಿಕದ 'ಆಸ್ಟ್ರೋಫಿಸಿಕಲ್ ಜರ್ನಲ್' ಎಂಬ ಪತ್ರಿಕೆಯ ೧೪೨ನೆಯ ಸಂಪುಟದಲ್ಲಿ, ೧೯೬೫ರಲ್ಲಿ, ಇವು ಒಂದರ ಬೆನ್ನಿಗೆ ಒಂದು ಅಚ್ಚಾದುವು. ಮೊದಲನೆಯದು ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ರಾಬರ್ಟ್ ಡಿಕ್, ಜೇಮ್ಸ್ ಪೀಬಲ್ಸ್, ಪೀಟರ್ ರೋಲ್, ಡೇವಿಡ್ ವಿಲ್ಕಿನ್ಸನ್ ಎಂಬ ನಾಲ್ವರದು. ಎರಡನೆಯದು ಬೆಲ್ ಪ್ರಯೋಗಾಲಯದ ಆರ್ನೋ ಪೆಂಜಿಯಾಸ್, ರಾಬರ್ಟ್ ವಿಲ್ಸನ್ ಎಂಬ ಇಬ್ಬರದು. ಮುಂದೆ ಇವನ್ನು ಕ್ರಮವಾಗಿ ಸಿದ್ಧಾಂತಪತ್ರ, ಪ್ರಯೋಗಪತ್ರ ಎಂದು ಕರೆಯಲಾಗುವುದು.

ಈ ಪತ್ರಗಳ ವಿಷಯದಲ್ಲಿ ಪ್ರಚಲಿತವಾಗಿರುವ ಅಭಿಪ್ರಾಯವು ಹೀಗಿದೆ: ಪ್ರಯೋಗಪತ್ರದ ಕರ್ತೃಗಳು ತಮಗೆ ಸಿಕ್ಕಿದ್ದು ಏನೆಂದು ಅರಿಯದೆಯೇ ನಿಧಿಯನ್ನು ಎಡವಿದವರು; ಅದರ ಅರ್ಥವನ್ನು ಬಿಡಿಸಿ ಹೇಳಿದವರು ಪ್ರಿನ್ಸ್‌ಟನ್ನಿನವರು. ಈ ಅಭಿಪ್ರಾಯವು ಅರ್ಧಸತ್ಯ. ಪ್ರಯೋಗಪತ್ರದ ಮೌನವು ಅಜ್ಞಾನದಿಂದ ಬಂದದ್ದಲ್ಲ, ಪ್ರಮಾಣವಿವೇಕದಿಂದ ಬಂದದ್ದೆಂಬುದೂ, ಎರಡು ಪತ್ರಗಳನ್ನು ಏಕವಾಕ್ಯತೆಯಿಂದ ಓದಿದಲ್ಲದೆ ಯಾವುದೊಂದರ ಬೆಲೆಯೂ ತಿಳಿಯದೆಂಬುದೂ ಇಲ್ಲಿ ಪ್ರತಿಪಾದ್ಯ. ಆ ಬಳಿಕ, ಈ ವಿಷಯವು ಕನ್ನಡಕ್ಕೆ ಬರುವಾಗ ಪದಗಳಿಂದಲೂ ಪ್ರಾಚೀನಾಭಿಮಾನದಿಂದಲೂ ಒದಗುವ ತೊಡಕುಗಳನ್ನು ಪರಿಶೀಲಿಸಲಾಗುವುದು.

೨. ಪ್ರಮೇಯಸಂಗ್ರಹ

ವಿಮರ್ಶೆಗೆ ಬೇಕಾಗುವಷ್ಟು ವಿಷಯವನ್ನು ಮೊದಲು ಸಂಗ್ರಹಿಸುವುದು ಯುಕ್ತ. ನಕ್ಷತ್ರಮಂಡಲಗಳು ಪರಸ್ಪರ ದೂರ ಸರಿಯುತ್ತಿವೆ. ಎಂದರೆ ವಿಶ್ವವು ವ್ಯಾಕೋಚ ಹೊಂದುತ್ತಿದೆ. ಹಿಂದಕ್ಕೆ ಹೋದಷ್ಟೂ ಅದು ಸಾಂದ್ರವಾಗಿಯೂ ಉಷ್ಣವಾಗಿಯೂ ಇದ್ದಿರಬೇಕು. ಆ ಕಾಲದಲ್ಲಿ ಪರಮಾಣುಗಳು ಕೂಡಿರಲಿಲ್ಲ; ಬಿಡಿಯಾಗಿ ಅಲೆಯುತ್ತಿದ್ದ ಎಲೆಕ್ಟ್ರಾನುಗಳು ಬೆಳಕನ್ನು ಅಡಿಗಡಿಗೂ ಚದರಿಸುತ್ತಿದ್ದುವು; ವಿಶ್ವವು ದಟ್ಟವಾದ ಮಂಜಿನಂತೆ ಅಪಾರದರ್ಶಕವಾಗಿತ್ತು. ವ್ಯಾಕೋಚವು ಆರಂಭವಾಗಿ ಸುಮಾರು ೩,೮೦,೦೦೦ ವರ್ಷಗಳಾದಾಗ ಉಷ್ಣತೆಯು ಸುಮಾರು ೩,೦೦೦ ಕೆಲ್ವಿನ್‌ಗೆ ಇಳಿಯಿತು. ಆಗ ಎಲೆಕ್ಟ್ರಾನುಗಳು ನ್ಯೂಕ್ಲಿಯಸ್ಸುಗಳೊಡನೆ ಸೇರಿ ಜಲಜನಕ ಮೊದಲಾದ ಪರಮಾಣುಗಳಾದುವು. ಬೆಳಕಿಗೆ ತಡೆ ತಪ್ಪಿತು. ಅಂದು ಹೊರಟ ಬೆಳಕು ಇಂದಿಗೂ ಸಂಚರಿಸುತ್ತಿದೆ. ಅಂದಿನಿಂದ ವಿಶ್ವವು ಸುಮಾರು ೧,೧೦೦ ಪಟ್ಟು ವಿಸ್ತರಿಸಿರುವುದರಿಂದ ಆ ಬೆಳಕಿನ ತರಂಗಾಂತರವೂ ಅಷ್ಟೇ ಪಟ್ಟು ಹಿಗ್ಗಿ ಸೂಕ್ಷ್ಮತರಂಗವಾಗಿದೆ. ಅದರ ಉಷ್ಣತೆಯು ೨.೭೨೫ ಕೆಲ್ವಿನ್‌ಗೆ ಇಳಿದಿದೆ. ಆಕಾಶದ ಪ್ರತಿಯೊಂದು ಘನ ಸೆಂಟಿಮೀಟರಿನಲ್ಲಿಯೂ ಈ ಬೆಳಕಿನ ಸುಮಾರು ೪೧೦ ಕಣಗಳುಂಟು. ವಿಶ್ವದ ವಯಸ್ಸು ಸುಮಾರು ೧,೩೮೦ ಕೋಟಿ ವರ್ಷಗಳೆಂಬ ಗಣನೆಯೂ ಮುಖ್ಯವಾಗಿ ಈ ವಿಕಿರಣದ ಪರೀಕ್ಷೆಯಿಂದಲೇ ನಿಷ್ಕೃಷ್ಟವಾಗಿ ದೊರೆತಿದೆ.

ಇದು ಸಿದ್ಧಾಂತವು ಪಕ್ವವಾದ ಮೇಲೆ ಹೇಳುವ ಮಾತು. ೧೯೬೫ರ ಆ ಇಬ್ಬರ ಮುಂದೆ ಇದ್ದುದು ಇದಾವುದೂ ಅಲ್ಲ. ಇಪ್ಪತ್ತು ಅಡಿ ಬಾಯಿಯ ಕೊಂಬಿನಾಕಾರದ ಒಂದು ಆಂಟೆನಾ, ಮತ್ತು ಅದರಲ್ಲಿ ಲೆಕ್ಕಕ್ಕೆ ಸಿಕ್ಕದೆ ಉಳಿದ ಒಂದಿಷ್ಟು ಉಷ್ಣತೆ.

೩. ಪ್ರಯೋಗಪತ್ರದ ತಾತ್ಪರ್ಯ

ವಾಕ್ಯದ ತಾತ್ಪರ್ಯವನ್ನು ನಿರ್ಣಯಿಸಲು ಮೀಮಾಂಸಕರು ಆರು ಲಿಂಗಗಳನ್ನು ಹೇಳುತ್ತಾರೆ: ಉಪಕ್ರಮೋಪಸಂಹಾರಗಳ ಐಕ್ಯ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ. ಪ್ರಯೋಗಪತ್ರವನ್ನು ಈ ಆರರಿಂದ ಪರೀಕ್ಷಿಸಬಹುದು.

ಉಪಕ್ರಮವೆಂದರೆ ಶೀರ್ಷಿಕೆ: ೪೦೮೦ ಮೆಗಾಸೈಕಲ್ ಆವೃತ್ತಿಯಲ್ಲಿ ಆಂಟೆನಾದ ಅಧಿಕ ಉಷ್ಣತೆಯ ಒಂದು ಮಾಪನ ಎಂಬುದು ಅದರ ಅರ್ಥ. 'ವಿಶ್ವ' ಎಂಬ ಪದ ಇಲ್ಲಿಲ್ಲ, 'ಆದಿ' ಎಂಬುದೂ ಇಲ್ಲ. ಆಂಟೆನಾ, ಅಧಿಕ, ಮಾಪನ ಎಂಬ ಮೂರೇ ಪದಗಳು ಪ್ರಧಾನ. ಉಪಸಂಹಾರದಲ್ಲಿಯೂ ಅಷ್ಟೆ: ತಮಗಿಂತ ಹಿಂದೆ ಬೇರೆ ಆವೃತ್ತಿಗಳಲ್ಲಿ ನಡೆದ ಮಾಪನಗಳೊಡನೆ ಹೋಲಿಸಿ ಪತ್ರವು ಮುಗಿಯುತ್ತದೆ. ಅಭ್ಯಾಸವಾಗಿ ಮತ್ತೆ ಮತ್ತೆ ಬರುವುದು ಸಂಖ್ಯೆ ಮತ್ತು ಅದರ ದೋಷಮಿತಿ. ಅಪೂರ್ವತೆಯೆಂದರೆ ಉಳಿದ ೩.೫ ಕೆಲ್ವಿನ್, ಒಂದು ಕೆಲ್ವಿನ್ ಹೆಚ್ಚುಕಡಮೆ. ಫಲದ ವಿಷಯದಲ್ಲಿ ಕರ್ತೃಗಳು ಹೇಳುವುದು ಒಂದೇ ವಾಕ್ಯ: ಇದಕ್ಕೆ ಸಂಭವನೀಯವಾದ ಒಂದು ಸಮಾಧಾನವನ್ನು ಜತೆಯ ಪತ್ರದಲ್ಲಿ ಕಾಣಬಹುದೆಂದು. ಉಪಪತ್ತಿಯೆಂದರೆ ಲೆಕ್ಕದ ವಿವರ. ಅರ್ಥವಾದವಂತೂ ಸ್ವಲ್ಪವೂ ಇಲ್ಲ. ಸ್ತುತಿಯಿಲ್ಲ, ವಿಸ್ಮಯವಿಲ್ಲ, ವಿಷಯಗೌರವದ ಪ್ರಖ್ಯಾಪನೆಯಿಲ್ಲ.

ಈ ಉಪಪತ್ತಿಯೇ ಪತ್ರದ ಜೀವ. ಆಂಟೆನಾವನ್ನು ನೆತ್ತಿಯ ಕಡೆಗೆ ತಿರುಗಿಸಿದಾಗ ತೋರಿದ ಒಟ್ಟು ಉಷ್ಣತೆ ೬.೭ ಕೆಲ್ವಿನ್. ಇದರಲ್ಲಿ ಭೂಮಿಯ ವಾಯುಮಂಡಲದಿಂದ ಬಂದದ್ದು ೨.೩, ಆಂಟೆನಾದ ಲೋಹದಲ್ಲಿಯೇ ಹುಟ್ಟುವ ನಷ್ಟದಿಂದ ೦.೮, ನೆಲದಿಂದ ಹಿಂಬದಿಯಾಗಿ ಸೋರಿ ಬರುವುದು ಹೆಚ್ಚೆಂದರೆ ೦.೧. ಇವನ್ನು ಕಳೆದರೆ ಉಳಿಯುವುದು ೩.೫. ಆ ಶೇಷವು ಆಕಾಶದ ಎಲ್ಲ ದಿಕ್ಕುಗಳಿಂದಲೂ ಸಮವಾಗಿ ಬರುತ್ತಿತ್ತು. ೧೯೬೪ರ ಜುಲೈಯಿಂದ ೧೯೬೫ರ ಏಪ್ರಿಲ್‌ವರೆಗೆ ಋತುಭೇದದಿಂದ ಬದಲಾಗಲಿಲ್ಲ. ಅದರಲ್ಲಿ ಧ್ರುವೀಕರಣವೂ ಕಾಣಲಿಲ್ಲ. ಆಂಟೆನಾದ ಸಂಧಿಗಳಿಗೆ ಅಲ್ಯೂಮಿನಿಯಂ ಪಟ್ಟಿಯನ್ನು ಅಂಟಿಸಿ ನೋಡಿದರೂ ಅದು ಹೋಗಲಿಲ್ಲ.

ಆಂಟೆನಾದೊಳಗೆ ಪಾರಿವಾಳಗಳು ಗೂಡುಕಟ್ಟಿದ್ದುವು, ಅವನ್ನು ಓಡಿಸಿ ಹಿಕ್ಕೆಯನ್ನು ತೊಳೆದರು ಎಂಬ ಪ್ರಸಿದ್ಧ ಕಥೆಯನ್ನು ವಿಲ್ಸನ್ನನು ೧೯೭೮ರ ನೊಬೆಲ್ ಪಾರಿತೋಷಕದ ಉಪನ್ಯಾಸದಲ್ಲಿ ಹೇಳಿರುವನು. ತೊಳೆದುದರಿಂದ ಉಷ್ಣತೆ ಸ್ವಲ್ಪ ಮಾತ್ರ ತಗ್ಗಿತು. ಕಥೆ ನಿಜವೇ; ಆದರೆ ಜನಪ್ರಿಯ ಗ್ರಂಥಗಳಲ್ಲಿ ಅದು ಮಾಡಿರುವ ಕೆಲಸ ಅರ್ಥವಾದದ ಕೆಲಸ. ಮೂಲವಾಕ್ಯದಲ್ಲಿಲ್ಲದ ಹಾಸ್ಯವನ್ನು ತಂದು ಅದು ಲೆಕ್ಕದ ನಿಷ್ಠೆಯನ್ನು ಮರೆಸಿದೆ. ಅದನ್ನು ಕೇಳಿದವರು ಪಾರಿವಾಳಗಳನ್ನು ನೆನೆಯುತ್ತಾರೆ, ೬.೭ರಿಂದ ೩.೫ಕ್ಕೆ ಇಳಿದ ದಾರಿಯನ್ನು ನೆನೆಯುವುದಿಲ್ಲ.

ಈ ತರ್ಕಕ್ಕೆ ನೈಯಾಯಿಕರಲ್ಲಿ ಪರಿಶೇಷಾನುಮಾನವೆಂದು ಹೆಸರು. ಪ್ರಸಕ್ತವಾದ ಕಾರಣಗಳನ್ನೆಲ್ಲ ಒಂದೊಂದಾಗಿ ನಿಷೇಧಿಸಿ, ಬೇರೆಲ್ಲಿಯೂ ಪ್ರಸಕ್ತಿಯಿಲ್ಲದಿರಲು ಉಳಿದುದನ್ನು ಸ್ವೀಕರಿಸುವುದು ಇದರ ಕ್ರಮ. ಶಬ್ದವು ಪೃಥಿವ್ಯಾದಿಗಳ ಗುಣವಲ್ಲ, ಆತ್ಮಮನಸ್ಸುಗಳದೂ ಅಲ್ಲ, ದಿಕ್ಕಾಲಗಳದೂ ಅಲ್ಲ. ಆದುದರಿಂದ ಪರಿಶೇಷವಾಗಿ ಅದಕ್ಕೆ ಆಶ್ರಯವಾದ ಆಕಾಶವೆಂಬ ದ್ರವ್ಯವು ಸಿದ್ಧಿಸುತ್ತದೆ ಎಂಬುದು ವೈಶೇಷಿಕರ ಪ್ರಸಿದ್ಧ ಪ್ರಯೋಗ. ಆಂಟೆನಾದ 'ಸದ್ದ'ನ್ನು ಆಕಾಶಕ್ಕೆ ಸೇರಿಸಿದ ೧೯೬೫ರ ಪತ್ರವು ಇದನ್ನು ಹೋಲುವುದು ತರ್ಕದ ಆಕಾರದಲ್ಲಿ ಮಾತ್ರ. ವಿಷಯದಲ್ಲಿ ಸಂಬಂಧವೇನೂ ಇಲ್ಲ. ಕಣಾದಮತದ ಶಬ್ದವು ಕಿವಿಗೆ ಕೇಳುವ ಗುಣ. ಇಲ್ಲಿಯ 'ಸದ್ದು' ವಿದ್ಯುತ್ ಯಂತ್ರದಲ್ಲಿ ಕಂಡ ಶಕ್ತಿ. ಈ ವಿವೇಕವನ್ನು ಆರಂಭದಲ್ಲಿಯೇ ಮಾಡಿಕೊಳ್ಳತಕ್ಕದ್ದು.

ಪರಿಶೇಷಾನುಮಾನದ ಬಲವೂ ದೌರ್ಬಲ್ಯವೂ ಒಂದೇ ಎಡೆಯಲ್ಲಿವೆ: ನಿಷೇಧಿಸಿದ ಪಕ್ಷಗಳ ಪಟ್ಟಿಯು ಪೂರ್ಣವಾಗಿದ್ದರೆ ಅದು ನಿಲ್ಲುತ್ತದೆ, ಇಲ್ಲವಾದರೆ ಬೀಳುತ್ತದೆ. ಪ್ರಯೋಗಪತ್ರದ ಕರ್ತೃಗಳು ಇದನ್ನು ಚೆನ್ನಾಗಿ ಅರಿತಿದ್ದರು. ವಿಶ್ವೋತ್ಪತ್ತಿಸಿದ್ಧಾಂತದ ಚರ್ಚೆಯನ್ನು ತಾವು ಬೇಕೆಂದೇ ಬಿಟ್ಟೆವೆಂದೂ, ತಮ್ಮ ಮಾಪನವು ಸಿದ್ಧಾಂತವನ್ನು ಅವಲಂಬಿಸಿಲ್ಲದುದರಿಂದ ಅದಕ್ಕಿಂತಲೂ ಹೆಚ್ಚುಕಾಲ ಬಾಳಬಹುದೆಂದು ಭಾವಿಸಿದೆವೆಂದೂ ವಿಲ್ಸನ್ನನು ಅದೇ ಉಪನ್ಯಾಸದಲ್ಲಿ ತಿಳಿಸಿರುವನು. ಹೀಗಿರುವಲ್ಲಿ ಅವರ ಮೌನವನ್ನು ಅಜ್ಞಾನವೆನ್ನುವುದು ಅನ್ಯಾಯ. ಹೇಳಬಹುದಾದುದನ್ನು ಹೇಳಿ, ಹೇಳಲು ಅಧಿಕಾರವಿಲ್ಲದುದನ್ನು ಬಿಟ್ಟುದು ಔಚಿತ್ಯ.

೪. ಸಿದ್ಧಾಂತಪತ್ರದ ಗುಣದೋಷಗಳು

ಪತ್ರಿಕೆಯಲ್ಲಿ ಮೊದಲು ಬರುವುದು ಸಿದ್ಧಾಂತಪತ್ರ. ಮಾಪನವು ಅದರ ಹಿಂದೆ. ಆದರೆ ಪಾಠಕ್ರಮಕ್ಕಿಂತ ಅರ್ಥಕ್ರಮವು ಬಲವತ್ತರವೆಂಬುದು ಮೀಮಾಂಸೆಯ ನಿರ್ಣಯ. ಅಗ್ನಿಹೋತ್ರಹೋಮವನ್ನು ಮೊದಲು ಹೇಳಿ ಗಂಜಿಯ ಪಾಕವನ್ನು ಆಮೇಲೆ ಹೇಳಿದ್ದರೂ, ಹೋಮಕ್ಕೆ ಗಂಜಿಯೇ ದ್ರವ್ಯವಾದುದರಿಂದ ಪಾಕವೇ ಮೊದಲು ನಡೆಯಬೇಕು. ಹಾಗೆಯೇ ಇಲ್ಲಿಯೂ ಮಾಪನವನ್ನು ಮೊದಲು ಓದಿ, ವ್ಯಾಖ್ಯಾನವನ್ನು ಅನಂತರ ಓದುವುದು ನ್ಯಾಯ್ಯ.

ಡಿಕ್ ಮೊದಲಾದವರು ಪೂರ್ವಕಾಲದ ಉಷ್ಣವಿಶ್ವದಿಂದ ಉಳಿದಿರಬಹುದಾದ ವಿಕಿರಣವನ್ನು ಹುಡುಕಲು ತಾವೇ ಒಂದು ಯಂತ್ರವನ್ನು ಕಟ್ಟುತ್ತಿದ್ದರು. ಪೀಬಲ್ಸನ ಲೇಖನದ ಸುದ್ದಿಯು ಬರ್ನಾರ್ಡ್ ಬರ್ಕ್ ಎಂಬ ವಿದ್ವಾಂಸನ ಮೂಲಕ ಪೆಂಜಿಯಾಸನಿಗೆ ಮುಟ್ಟಿದುದರಿಂದ ಎರಡು ಗುಂಪುಗಳಿಗೂ ಸಂಪರ್ಕವಾಯಿತು. ಸಿದ್ಧಾಂತಪತ್ರದ ಗುಣವು ಅದರ ವ್ಯಾಪ್ತಿನಿರೂಪಣೆಯಲ್ಲಿದೆ: ವಿಶ್ವವು ಒಮ್ಮೆ ಉಷ್ಣಸಾಮ್ಯದಲ್ಲಿದ್ದಿತೆಂದರೆ, ಇಂದು ಅದರಲ್ಲಿ ಕೃಷ್ಣಕಾಯದ ರೋಹಿತವುಳ್ಳ ವಿಕಿರಣವು ಇರಲೇಬೇಕು. ಕೃಷ್ಣಕಾಯವೆಂದರೆ ತನ್ನ ಮೇಲೆ ಬಿದ್ದ ಬೆಳಕನ್ನೆಲ್ಲ ಹೀರಿ, ಕೇವಲ ತನ್ನ ಉಷ್ಣತೆಗೆ ತಕ್ಕಂತೆ ಬೆಳಕನ್ನು ಸೂಸುವ ವಸ್ತು. ಹೀಗೆ ಹೇಳಿದುದರಿಂದ ಪರೀಕ್ಷೆಯ ದಾರಿ ತೆರೆಯಿತು: ಬೇರೆ ಬೇರೆ ತರಂಗಾಂತರಗಳಲ್ಲಿ ಅಳೆದು ನೋಡಿದರೆ ಒಂದೇ ಉಷ್ಣತೆ ಬರಬೇಕು. ಪ್ರಯೋಗಪತ್ರವು ಅಳೆದುದು ೭.೩೫ ಸೆಂಟಿಮೀಟರಿನಲ್ಲಿ, ರೋಲ್, ವಿಲ್ಕಿನ್ಸನ್ನರು ೩.೨ ಸೆಂಟಿಮೀಟರಿನಲ್ಲಿ ಅಳೆದು, ೩.೦ ಕೆಲ್ವಿನ್, ಅರ್ಧ ಕೆಲ್ವಿನ್ ಹೆಚ್ಚುಕಡಮೆ, ಎಂದು ೧೯೬೬ರಲ್ಲಿ ಪ್ರಕಟಿಸಿದರು.

ದೋಷಗಳಲ್ಲಿ ಮೊದಲನೆಯದು ಪ್ರಯೋಜಕವಾದ ಕಲ್ಪನೆಗೆ ಸಂಬಂಧಿಸಿದ್ದು. ಡಿಕ್ಕನಿಗೆ ಪ್ರಿಯವಾಗಿದ್ದುದು ವಿಕಾಸಸಂಕೋಚಗಳು ಆವರ್ತಿಸುವ ವಿಶ್ವ. ಹಿಂದಿನ ಆವರ್ತದಲ್ಲಿ ಹುಟ್ಟಿದ ಭಾರವಾದ ಮೂಲವಸ್ತುಗಳನ್ನು ಒಡೆಯಲು ಸಾವಿರ ಕೋಟಿ ಡಿಗ್ರಿಗೂ ಮೀರಿದ ಉಷ್ಣತೆ ಬೇಕೆಂಬುದು ಅವನ ವಾದ. ಆ ಆವರ್ತಕಲ್ಪನೆಯು ವಿಕಿರಣದಿಂದ ಸಿದ್ಧವಾಗಲಿಲ್ಲ. ವಿಕಿರಣವು ಮಾತ್ರ ನಿಂತಿತು. ಪ್ರೇರಕವಾದ ಕಲ್ಪನೆಯು ಹೋದರೂ ಹೇತು ನಿಲ್ಲಬಲ್ಲದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ. ಸೃಷ್ಟಿಪ್ರಲಯಗಳ ಪುರಾಣಕ್ರಮದೊಡನೆ ಇದನ್ನು ಹೊಂದಿಸಿ ಸಂತೋಷಪಡುವವರು, ಪತ್ರದಲ್ಲಿ ಉಳಿಯದೆ ಹೋದ ಭಾಗವನ್ನೇ ತಾವು ಆರಿಸಿಕೊಳ್ಳುತ್ತಿರುವೆವೆಂಬುದನ್ನು ಗಮನಿಸಬೇಕು.

ಎರಡನೆಯ ದೋಷವು ಇದಕ್ಕಿಂತ ಗುರುತರ. ೧೯೪೮ರಲ್ಲಿಯೇ ರಾಲ್ಫ್ ಆಲ್ಫರ್, ರಾಬರ್ಟ್ ಹರ್ಮನ್ ಎಂಬವರು ಇಂಥ ವಿಕಿರಣದ ಇಂದಿನ ಉಷ್ಣತೆಯು ಸುಮಾರು ೫ ಕೆಲ್ವಿನ್ ಇರಬೇಕೆಂದು ಗಣಿಸಿ ಪ್ರಕಟಿಸಿದ್ದರು. ಸಿದ್ಧಾಂತಪತ್ರದಲ್ಲಿ ಆ ಸಂಖ್ಯೆಯ ಪ್ರಸ್ತಾಪವಿಲ್ಲ. ಪೂರ್ವಾಚಾರ್ಯರ ಮತವನ್ನು ಉಲ್ಲೇಖಿಸುವುದು ಶಾಸ್ತ್ರಗ್ರಂಥದ ಅಲಂಕಾರವಲ್ಲ, ಋಣಪರಿಹಾರ. ಆ ಋಣವು ಅಲ್ಲಿ ತೀರದೆ ಹೋದುದರಿಂದ ಅವರಿಬ್ಬರೂ ಬಹುಕಾಲ ಕೀರ್ತಿಗೆ ಹೊರಗಾಗಿಯೇ ಉಳಿದರು. ಪೆಂಜಿಯಾಸ್, ವಿಲ್ಸನ್ನರಿಗೆ ೧೯೭೮ರಲ್ಲಿಯೂ ಪೀಬಲ್ಸನಿಗೆ ೨೦೧೯ರಲ್ಲಿಯೂ ನೊಬೆಲ್ ಪಾರಿತೋಷಕ ಬಂದಿತು. ಆಲ್ಫರ್, ಹರ್ಮನ್ನರಿಗೆ ಬರಲಿಲ್ಲ.

೫. ಅಭಿಜ್ಞಾನದ ವಿಚಾರ

ಉಂಗುರವು ಕೈಯಲ್ಲಿದ್ದ ಮಾತ್ರಕ್ಕೆ ಅದು ಅಭಿಜ್ಞಾನವಾಗುವುದಿಲ್ಲ; ನೋಡಿದವನಿಗೆ ನೆನಪು ಬರಬೇಕು. ೧೯೪೧ರಲ್ಲಿ ಆಂಡ್ರೂ ಮೆಕೆಲ್ಲರ್ ಎಂಬ ಕೆನಡಾದ ಖಗೋಳಜ್ಞನು ನಕ್ಷತ್ರಗಳ ನಡುವಣ ಸಯನೋಜನ್ ಅಣುಗಳ ರೋಹಿತರೇಖೆಗಳಿಂದ ಅವುಗಳ ಉಷ್ಣತೆಯು ೨.೩ ಕೆಲ್ವಿನ್ ಎಂದು ಗಣಿಸಿದ್ದನು. ಸಂಖ್ಯೆ ಗ್ರಂಥದಲ್ಲಿತ್ತು, ಅದು ಏನನ್ನು ಸೂಚಿಸುವುದೆಂದು ಯಾರಿಗೂ ಹೊಳೆಯಲಿಲ್ಲ. ೧೯೬೫ರ ಪತ್ರಗಳಾದ ಮೇಲೆಯೇ ಆ ಅಣುಗಳನ್ನು ಬೆಚ್ಚಗಿರಿಸುತ್ತಿದ್ದುದು ಇದೇ ವಿಕಿರಣವೆಂದು ತಿಳಿದದ್ದು.

ಇದಕ್ಕಿಂತಲೂ ವಿಮರ್ಶಕರಿಗೆ ಬೋಧಪ್ರದವಾದುದು ಇನ್ನೊಂದು ಸಂಗತಿ. ಬೆಲ್ ಪ್ರಯೋಗಾಲಯದ ಎಡ್ವರ್ಡ್ ಓಮ್ ಎಂಬವನು ೧೯೬೧ರಲ್ಲಿ ಅದೇ ಕ್ರಾಫರ್ಡ್ ಗುಡ್ಡದ ಆಂಟೆನಾದಿಂದ ಮಾಡಿದ ಮಾಪನದಲ್ಲಿ ಸುಮಾರು ಮೂರು ಕೆಲ್ವಿನ್ ಹೆಚ್ಚಳವು ಕಂಡಿತ್ತು. ಅದು ದೋಷಮಿತಿಯ ಒಳಗೇ ಇದ್ದುದರಿಂದ ಅವನು ಅದಕ್ಕೆ ಅರ್ಥಕಲ್ಪನೆ ಮಾಡಲಿಲ್ಲ. ೧೯೬೪ರಲ್ಲಿ ರಷ್ಯದ ಡೊರೋಶ್ಕೆವಿಚ್, ನೋವಿಕೋವ್ ಎಂಬವರು ಆದಿವಿಶ್ವದ ವಿಕಿರಣವನ್ನು ಹುಡುಕಲು ಈ ಆಂಟೆನಾವೇ ಅತ್ಯಂತ ಯೋಗ್ಯವೆಂದು ಬರೆದು ಓಮನ ಲೇಖನವನ್ನೂ ನೋಡಿದರು. ಆದರೆ ಅಲ್ಲಿ 'ಆಕಾಶದ ಉಷ್ಣತೆ' ಎಂದು ಹೇಳಿದ್ದನ್ನು ವಾಯುಮಂಡಲಕ್ಕೂ ಆಚೆಯದನ್ನೂ ಒಳಗೊಂಡ ಮೊತ್ತವೆಂದು ಗ್ರಹಿಸಿ, ಅದು ವಾಯುಮಂಡಲದ ಲೆಕ್ಕಕ್ಕೆ ಸರಿಹೋಗುವುದರಿಂದ ವಿಕಿರಣವೇನೂ ಉಳಿಯದೆಂದು ನಿರ್ಣಯಿಸಿದರು. 'ಆಕಾಶ' ಎಂಬ ಒಂದು ಪದದ ವಿವಕ್ಷೆ ತಪ್ಪಿದುದರಿಂದ ಇದ್ದ ವಸ್ತುವು ಇಲ್ಲವಾಯಿತು. ಪದಾರ್ಥನಿರ್ಣಯವು ವೈಯಾಕರಣರ ಕಾಲಹರಣವೆಂದು ನಗುವವರಿಗೆ ಇದಕ್ಕಿಂತ ಉತ್ತಮವಾದ ಉತ್ತರ ಬೇಕಾಗಿಲ್ಲ.

೬. ಪೂರ್ವಪಕ್ಷವೂ ಸಮಾಧಾನವೂ

ವಿಶ್ವಕ್ಕೆ ಆದಿಯೇ ಇಲ್ಲ, ಅದು ಯಾವಾಗಲೂ ಒಂದೇ ಸ್ಥಿತಿಯಲ್ಲಿರುವುದೆಂಬ ಸಮಸ್ಥಿತಿವಾದವನ್ನು ೧೯೪೮ರಲ್ಲಿ ಫ್ರೆಡ್ ಹಾಯ್ಲ್ ಮೊದಲಾದವರು ಮಂಡಿಸಿದ್ದರು. ಪರಿಶೇಷಾನುಮಾನದ ಪಟ್ಟಿಯು ಅಪೂರ್ಣವೆಂದು ತೋರಿಸುವ ಹೊಣೆ ಇವರ ಮೇಲೆ ಬಿದ್ದಿತು. ನಕ್ಷತ್ರಗಳ ಬೆಳಕನ್ನೇ ಸೂಜಿಯಂಥ ಲೋಹಕಣಗಳ ಧೂಳು ಹೀರಿ ಸೂಕ್ಷ್ಮತರಂಗವಾಗಿ ಸೂಸುತ್ತಿರಬಾರದೇಕೆ ಎಂಬುದು ಅವರ ಆಕ್ಷೇಪ. ೧೯೯೩ರಲ್ಲಿ ಹಾಯ್ಲ್, ಜೆಫ್ರಿ ಬರ್ಬಿಜ್ ಇವರೊಡನೆ ಜಯಂತ ನಾರ್ಳೀಕರರು ಈ ಮತವನ್ನು ಪರಿಷ್ಕರಿಸಿ ಮತ್ತೆ ಮಂಡಿಸಿದರು. ಇದನ್ನು ಹಟವೆಂದು ತಳ್ಳಿಹಾಕುವುದು ಸರಿಯಲ್ಲ. ಪ್ರಬಲವಾದ ಪೂರ್ವಪಕ್ಷವಿಲ್ಲದೆ ಸಿದ್ಧಾಂತಕ್ಕೆ ದಾರ್ಢ್ಯವು ಬರುವುದಿಲ್ಲ.

ಸಮಾಧಾನವು ಎರಡು ಕಡೆಯಿಂದ ಬಂದಿತು. ೧೯೮೯ರ ನವೆಂಬರಿನಲ್ಲಿ ಅಮೆರಿಕವು ಹಾರಿಸಿದ 'ಕೋಬೆ' ಉಪಗ್ರಹವು ವಿಕಿರಣದ ರೋಹಿತವನ್ನು ಅಳೆಯಿತು. ಅದು ಕೃಷ್ಣಕಾಯದ ರೋಹಿತದಿಂದ ಹತ್ತು ಲಕ್ಷದಲ್ಲಿ ಐವತ್ತು ಪಾಲಿನಷ್ಟೂ ವ್ಯತ್ಯಾಸವಾಗಿರಲಿಲ್ಲ. ಬೇರೆ ಬೇರೆ ದೂರಗಳಲ್ಲಿ, ಬೇರೆ ಬೇರೆ ಉಷ್ಣತೆಗಳಲ್ಲಿರುವ ಧೂಳಿನಿಂದ ಇಂಥ ಶುದ್ಧವಾದ ರೋಹಿತವನ್ನು ಪಡೆಯುವುದು ಬಹು ದುರ್ಘಟ. ಎರಡನೆಯದಾಗಿ, ಆದಿವಿಶ್ವದ ಅನಿಲದಲ್ಲಿ ಎದ್ದ ಧ್ವನಿತರಂಗಗಳ ಗುರುತು ಈ ವಿಕಿರಣದಲ್ಲಿ ನಿಯತವಾದ ಅಳತೆಯ ಕಲೆಗಳಾಗಿ ಇರಬೇಕೆಂದು ೧೯೭೦ರಲ್ಲಿ ಪೀಬಲ್ಸ್ ಮತ್ತು ಯೂ, ಹಾಗೆಯೇ ಸುನ್ಯಾಯೆವ್ ಮತ್ತು ಜೆಲ್ಡೋವಿಚ್ ಗಣಿಸಿದ್ದರು. ೧೯೯೨ರಲ್ಲಿ ಕೋಬೆಯು ಲಕ್ಷದಲ್ಲೊಂದು ಪಾಲಿನ ಏರಿಳಿತವನ್ನು ಕಂಡಿತು. ೨೦೦೦ದಲ್ಲಿ 'ಬೂಮರಾಂಗ್' ಮೊದಲಾದ ಬೆಲೂನು ಪ್ರಯೋಗಗಳು ಸುಮಾರು ಒಂದು ಡಿಗ್ರಿ ಅಗಲದ ಕಲೆಗಳೇ ಪ್ರಧಾನವೆಂದು ತೋರಿಸಿದುವು. ಮೊದಲು ಹೇಳಿ ಆಮೇಲೆ ಕಂಡದ್ದು ಇದು. ಕಂಡ ಮೇಲೆ ಹೊಂದಿಸಿದ್ದಲ್ಲ. ಹೀಗೆ ಪರಿಶೇಷವಾಗಿ ಆರಂಭವಾದ ಅನುಮಾನವು ಅನ್ವಯದಿಂದಲೂ ದೃಢವಾಯಿತು. ೨೦೦೯ರಲ್ಲಿ ಹಾರಿದ ಯೂರೋಪಿನ 'ಪ್ಲಾಂಕ್' ಉಪಗ್ರಹದ ೨೦೧೮ರ ಗಣನೆಯಂತೆ ವಿಶ್ವದ ಶಕ್ತಿಯಲ್ಲಿ ನೂರಕ್ಕೆ ಸುಮಾರು ೫ ಪಾಲು ಮಾತ್ರ ಸಾಮಾನ್ಯದ್ರವ್ಯ, ಸುಮಾರು ೨೬.೫ ಪಾಲು ಅದೃಶ್ಯದ್ರವ್ಯ, ೬೮.೫ ಪಾಲು ಅದೃಶ್ಯಶಕ್ತಿ.

೧೯೯೨ರ ಪ್ರಕಟಣೆಯ ಸಂದರ್ಭದಲ್ಲಿ ಜಾರ್ಜ್ ಸ್ಮೂಟನು ಪತ್ರಿಕಾಕರ್ತರೊಡನೆ, ಕೇಳುವವರು ಧಾರ್ಮಿಕರಾದರೆ ಇದು ದೇವರನ್ನು ಕಂಡಂತೆ ಎಂಬರ್ಥದ ಮಾತನ್ನಾಡಿದನು. ಮಾತು ಹರಡುತ್ತ ಹೋದಂತೆ 'ಆದರೆ' ಎಂಬ ಸಂಕೇತಪದವು ಬಿದ್ದುಹೋಯಿತು. ದೇವರು ಮಾತ್ರ ಉಳಿದನು. ೧೯೬೫ರ ಪತ್ರದ ಶೀರ್ಷಿಕೆಯನ್ನೂ ಈ ಮಾತಿನ ಗತಿಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಅರ್ಥವಾದವು ಎಷ್ಟು ಬೇಗ ವಿಧಿವಾಕ್ಯವನ್ನು ನುಂಗಬಲ್ಲದೆಂಬುದು ತಿಳಿಯುತ್ತದೆ.

೭. ಹೇತ್ವಾಭಾಸಗಳು

ಪ್ರಯೋಗಪತ್ರದ ಸಂಯಮಕ್ಕೆ ಬೆಲೆಯೆಷ್ಟೆಂಬುದನ್ನು ತಿಳಿಯಲು ವ್ಯತಿರೇಕದೃಷ್ಟಾಂತವೊಂದು ಸಾಕು. ದಕ್ಷಿಣಧ್ರುವದಲ್ಲಿದ್ದ 'ಬೈಸೆಪ್ ೨' ಎಂಬ ದೂರದರ್ಶಕದ ತಂಡವು ೨೦೧೪ರ ಮಾರ್ಚ್ ೧೭ರಂದು, ಈ ವಿಕಿರಣದ ಧ್ರುವೀಕರಣದಲ್ಲಿ ಒಂದು ಬಗೆಯ ಸುಳಿಗಳು ಕಂಡವೆಂದೂ, ಅವು ವಿಶ್ವದ ಪ್ರಥಮ ಕ್ಷಣದ ಗುರುತ್ವತರಂಗಗಳ ಕುರುಹೆಂದೂ ಸಾರಿತು. ಸುಳಿಗಳು ಇದ್ದುದು ನಿಜ. ಆದರೆ ನಮ್ಮ ಆಕಾಶಗಂಗೆಯ ಧೂಳೂ ಅಂಥ ಸುಳಿಗಳನ್ನು ಉಂಟುಮಾಡುವುದು. ಒಂದೇ ಆವೃತ್ತಿಯಲ್ಲಿ ನೋಡಿದುದರಿಂದ ಧೂಳಿನ ಪಾಲನ್ನು ಬೇರ್ಪಡಿಸಲು ಅವರಲ್ಲಿ ಸಾಕಷ್ಟು ಸಾಧನವಿರಲಿಲ್ಲ. ಪ್ಲಾಂಕ್ ತಂಡದೊಡನೆ ಸೇರಿ ಮಾಡಿದ ಪರಿಶೀಲನೆಯು ೨೦೧೫ರ ಆರಂಭದಲ್ಲಿ ಪ್ರಕಟವಾದಾಗ ಆ ಪ್ರತಿಜ್ಞೆ ನಿಲ್ಲಲಿಲ್ಲ. ಧೂಳೀಪಟಲದಲ್ಲಿ ಧೂಮವೆಂಬ ಭ್ರಮೆ ಹುಟ್ಟಿ ಬೆಂಕಿಯನ್ನು ಅನುಮಾನಿಸುವುದು ತರ್ಕಪಾಠಶಾಲೆಗಳಲ್ಲಿ ಬಾಲಕರಿಗೂ ಹೇಳಿಕೊಡುವ ಉದಾಹರಣೆ. ಇಲ್ಲಿ ಅದು ಅಕ್ಷರಶಃ ನಡೆಯಿತು. ಆದರೂ ಪ್ರಶಂಸಿಸಬೇಕಾದ ಅಂಶವೊಂದುಂಟು: ದೋಷವನ್ನು ತೋರಿಸಿದ ಪರಿಶೀಲನೆಯಲ್ಲಿ ಪ್ರತಿಜ್ಞೆ ಮಾಡಿದ ತಂಡವೂ ಸೇರಿತ್ತು.

ಇದೇ ಬಗೆಯ ಇನ್ನೊಂದು ವಿವಾದದಲ್ಲಿ ಕನ್ನಡನಾಡಿನ ಕೆರೆಯೊಂದು ಸಾಕ್ಷಿಯಾಯಿತು. ಮೊದಲ ನಕ್ಷತ್ರಗಳು ಹುಟ್ಟಿದಾಗ ಜಲಜನಕವು ಈ ಹಿನ್ನೆಲೆಯ ವಿಕಿರಣದಿಂದ ಒಂದಿಷ್ಟನ್ನು ಹೀರಿರಬೇಕು. ಆ ಹೀರಿಕೆಯ ಗುರುತು ೭೮ ಮೆಗಾಹರ್ಟ್ಸ್ ಆವೃತ್ತಿಯಲ್ಲಿ ಕಂಡಿತೆಂದು 'ಎಡ್ಜಸ್' ಎಂಬ ಪ್ರಯೋಗದವರು ೨೦೧೮ರಲ್ಲಿ ಪ್ರಕಟಿಸಿದರು. ಅದರ ಆಳವು ಎಣಿಸಿದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚಾಗಿದ್ದುದರಿಂದ ನೂತನಭೌತಶಾಸ್ತ್ರದ ಕಲ್ಪನೆಗಳು ಹಲವು ಹುಟ್ಟಿದುವು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು 'ಸರಸ್ ೩' ಎಂಬ ತಮ್ಮ ಆಂಟೆನಾವನ್ನು ೨೦೨೦ರಲ್ಲಿ ದಂಡಿಗಾನಹಳ್ಳಿಯ ಕೆರೆಯಲ್ಲಿಯೂ ಶರಾವತಿಯ ಹಿನ್ನೀರಿನಲ್ಲಿಯೂ ತೇಲಬಿಟ್ಟು ಪರೀಕ್ಷಿಸಿದರು. ನೆಲದ ಪದರಗಳು ಏಕರೂಪವಲ್ಲದುದರಿಂದ ಮಾಪನದಲ್ಲಿ ಕಲಬೆರಕೆಯುಂಟಾಗುವುದು, ನೀರಾದರೋ ಏಕರೂಪ. ಎಡ್ಜಸ್ ಹೇಳಿದಂಥ ಗುರುತು ತಮಗೆ ಕಾಣಲಿಲ್ಲವೆಂದು ಅವರು ೨೦೨೨ರಲ್ಲಿ, ನೂರಕ್ಕೆ ೯೫.೩ ಪಾಲು ನಿಶ್ಚಯದಿಂದ, ಪ್ರಕಟಿಸಿದರು. ಪೆಂಜಿಯಾಸ್, ವಿಲ್ಸನ್ನರು ನೆಲದ ಸೋರಿಕೆಗೆ ೦.೧ ಕೆಲ್ವಿನ್ ಎಂದು ಲೆಕ್ಕವಿಟ್ಟ ಶ್ರದ್ಧೆಯೇ ಇಲ್ಲಿಯೂ ಕಾಣುತ್ತದೆ.

೮. ಶಬ್ದವಿಚಾರ

ಈ ವಿಷಯವನ್ನು ಕನ್ನಡದಲ್ಲಿ ಹೇಳುವವರೆಲ್ಲರೂ 'ಮಹಾಸ್ಫೋಟ' ಎಂಬ ಪದವನ್ನು ಬಳಸುತ್ತಾರೆ. ಅದರ ಇಂಗ್ಲಿಷ್ ಮೂಲವನ್ನು ಪ್ರಯೋಗಿಸಿದವನು ಆ ಸಿದ್ಧಾಂತವನ್ನು ಒಪ್ಪದಿದ್ದ ಹಾಯ್ಲ್; ೧೯೪೯ರ ಬಿ.ಬಿ.ಸಿ. ಆಕಾಶವಾಣಿಯ ಭಾಷಣದಲ್ಲಿ. ಕನ್ನಡಪದವನ್ನು ಕೇಳಿದವರಿಗೆ ತೋರುವುದು ಸಿಡಿಮದ್ದಿನ ಆಸ್ಫೋಟನೆ: ಒಂದು ಎಡೆ, ಅಲ್ಲಿ ಒಂದು ಉಂಡೆ, ಸುತ್ತಲೂ ಖಾಲಿ ಆಕಾಶ, ಕಿವಿಗಡಚಿಕ್ಕುವ ಶಬ್ದ. ಇವೆಲ್ಲವೂ ತಪ್ಪು. ವ್ಯಾಕೋಚವು ಒಂದು ಕೇಂದ್ರದಿಂದ ಆದುದಲ್ಲ. ಎಲ್ಲೆಡೆಯೂ ಏಕಕಾಲದಲ್ಲಿ ಆದುದು. ವಿಕಿರಣವು ಎಲ್ಲ ದಿಕ್ಕುಗಳಿಂದಲೂ ಸಮವಾಗಿ ಬರುವುದೇ ಅದಕ್ಕೆ ಸಾಕ್ಷಿ.

ಹಾಗಾದರೆ ಪದವನ್ನು ಬಿಡಬೇಕೆ? ಬಿಡಬೇಕಾಗಿಲ್ಲ, ಧಾತುವನ್ನು ಸ್ಮರಿಸಿದರೆ ಸಾಕು. ಧಾತುಪಾಠದಲ್ಲಿ ಸ್ಫುಟಧಾತುವಿಗೆ ವಿಶರಣವೆಂಬ ಅರ್ಥವಿರುವಂತೆ ವಿಕಸನವೆಂಬ ಅರ್ಥವೂ ಇದೆ. ಒಡೆದು ಚೂರಾಗುವುದು ವಿಶರಣ. ಮೊಗ್ಗು ಅರಳುವುದು ವಿಕಸನ. ಅ‌ಮರಕೋಶದಲ್ಲಿ ಅರಳಿದ ಹೂವಿನ ಪರ್ಯಾಯಪದಗಳ ನಡುವೆ 'ಸ್ಫುಟ', 'ವ್ಯಾಕೋಶ' ಎರಡೂ ಬರುತ್ತವೆ. ಕನ್ನಡದ ವಿಜ್ಞಾನಲೇಖಕರು ವಿಶ್ವವಿಸ್ತಾರಕ್ಕೆ ಬಳಸುವ 'ವ್ಯಾಕೋಚ'ವು ಇದರ ಸಹೋದರಪದ. ಆದುದರಿಂದ ಅಧ್ಯಾಪಕರು 'ಮಹಾಸ್ಫೋಟ'ವನ್ನು ವಿಕಸನಾರ್ಥದಲ್ಲಿ ವಿವರಿಸಿದರೆ ಪದವೂ ಉಳಿಯುವುದು, ಅರ್ಥವೂ ಕೆಡದು. ಅರಳುವ ಮೊಗ್ಗಿಗಾದರೂ ಹೊರಗಡೆ ಆಕಾಶವುಂಟು, ವಿಶ್ವಕ್ಕೆ ಹಾಗಿಲ್ಲವೆಂಬ ಭೇದವನ್ನು ಮಾತ್ರ ಒತ್ತಿ ಹೇಳಬೇಕು.

'ಹಿನ್ನೆಲೆ' ಎಂಬ ಪದವೂ ವಿಚಾರಾರ್ಹ. ಪರದೆಯಂತೆ ವಸ್ತುಗಳ ಹಿಂದೆ ದೂರದಲ್ಲಿರುವುದೆಂಬ ಭಾವನೆ ಅದರಿಂದ ಬರುವುದು. ಹೊರಟ ಎಡೆಯ ದೃಷ್ಟಿಯಿಂದ ಅದು ಸಾಧು. ಆದರೆ ಮುಟ್ಟುವ ಎಡೆಯ ದೃಷ್ಟಿಯಿಂದ ಈ ವಿಕಿರಣವು ಓದುವವನ ಕೊಠಡಿಯಲ್ಲಿಯೂ ತುಂಬಿದೆ. ಇದನ್ನು ವಿಶ್ವದ 'ಜನನಚಿತ್ರ'ವೆನ್ನುವುದಂತೂ ಅಸಾಧುವೇ. ೩,೮೦,೦೦೦ ವರ್ಷಗಳಾದ ಮೇಲಿನ ಚಿತ್ರ ಇದು; ಜನನವನ್ನು ಕುರಿತು ಹೇಳುವುದು ಅನುಮಾನ, ಪ್ರತ್ಯಕ್ಷವಲ್ಲ.

೯. ಪ್ರಾಚೀನವಾಕ್ಯಗಳ ಆರೋಪ

ಋಗ್ವೇದದ ಹತ್ತನೆಯ ಮಂಡಲದ ನಾಸದೀಯಸೂಕ್ತದಲ್ಲಿ ಈ ಸಿದ್ಧಾಂತವು ಮೊದಲೇ ಇದೆಯೆಂದು ಸಭೆಗಳಲ್ಲಿಯೂ ತರಗತಿಗಳಲ್ಲಿಯೂ ಹೇಳುವುದು ಕೇಳಿಬರುತ್ತದೆ. ಸಂಸ್ಕೃತವನ್ನು ಪ್ರೀತಿಸುವವರೇ ಇದನ್ನು ಮೊದಲು ಖಂಡಿಸಬೇಕು. ಕಾರಣಗಳು ಮೂರು. ಮೊದಲನೆಯದಾಗಿ, ಆ ಸೂಕ್ತವು ಉಷ್ಣತೆಯನ್ನಾಗಲಿ ವಿಕಿರಣವನ್ನಾಗಲಿ ಅಳತೆಯನ್ನಾಗಲಿ ಹೇಳುವುದಿಲ್ಲ. ೧೯೬೫ರ ಪತ್ರಗಳಲ್ಲಿ ಅಳತೆಯನ್ನು ತೆಗೆದರೆ ಏನೂ ಉಳಿಯುವುದಿಲ್ಲ. ಎರಡನೆಯದಾಗಿ, ಸಂಗತಿಯು ತಿಳಿದ ಮೇಲೆ ಪೂರ್ವವಾಕ್ಯದಲ್ಲಿ ಅದನ್ನು ಕಾಣುವುದು ಜ್ಞಾಪಕವಲ್ಲ, ಆರೋಪ. ಆ ಸೂಕ್ತವನ್ನು ಅನೂಚಾನವಾಗಿ ಪಠಿಸಿದ ಯಾರೂ ಅದರಿಂದ ೨.೭ ಎಂಬ ಸಂಖ್ಯೆಯನ್ನು ಪಡೆಯಲಿಲ್ಲ. ಮೂರನೆಯದು ಮುಖ್ಯವಾದುದು: ಸೂಕ್ತವು ಮುಗಿಯುವುದು ಸಂದೇಹದಲ್ಲಿ, ಪರಮವ್ಯೋಮದಲ್ಲಿರುವ ಅಧ್ಯಕ್ಷನೂ ಇದನ್ನು ಅರಿತಿರುವನೋ ಇಲ್ಲವೋ ಎಂಬ ಪ್ರಶ್ನೆಯಲ್ಲಿ. ಆ ಸಂದೇಹವೇ ಅದರ ಮಹಿಮೆ. ಅದನ್ನು ಸಿದ್ಧಾಂತದ ಘೋಷಣೆಯನ್ನಾಗಿ ಮಾಡಿದರೆ ಭೌತಶಾಸ್ತ್ರಕ್ಕೆ ಲಾಭವಿಲ್ಲ, ಸೂಕ್ತಕ್ಕೆ ಮಾತ್ರ ನಷ್ಟ.

ಸಂಸ್ಕೃತಶಾಸ್ತ್ರಗಳಿಂದ ಇಲ್ಲಿ ಒದಗುವ ನಿಜವಾದ ಸಹಾಯವು ಬೇರೆ. ಪ್ರಮಾಣ, ಹೇತು, ಹೇತ್ವಾಭಾಸ, ತಾತ್ಪರ್ಯಲಿಂಗಗಳೆಂಬ ಪರೀಕ್ಷಾಸಾಧನಗಳು ಯಾವ ಕಾಲದ ಯಾವ ವಾಕ್ಯಕ್ಕೂ ಸಲ್ಲುವಂಥವು. ಪೂರ್ವಿಕರು ಉತ್ತರವನ್ನು ಬಿಟ್ಟುಹೋಗಲಿಲ್ಲ. ಉತ್ತರವನ್ನು ಒರೆಹಚ್ಚುವ ಕಲ್ಲನ್ನು ಬಿಟ್ಟುಹೋದರು.

೧೦. ಉಪಸಂಹಾರ

ಇದುವರೆಗಿನ ವಿಮರ್ಶೆಯಿಂದ ಫಲಿತವಾಗುವುದಿಷ್ಟು. ಪ್ರಯೋಗಪತ್ರವು ಪರಿಶೇಷಾನುಮಾನದ ಶುದ್ಧಪ್ರಯೋಗ. ಅದರ ಮೌನವು ಗುಣ. ಸಿದ್ಧಾಂತಪತ್ರವು ವ್ಯಾಪ್ತಿಯನ್ನು ಒದಗಿಸಿ ಪರೀಕ್ಷೆಗೆ ದಾರಿಮಾಡಿತು. ಪೂರ್ವಾಚಾರ್ಯರ ವಿಷಯದಲ್ಲಿ ಅದರ ಮೌನವು ದೋಷ. ಒಂದೇ ಮೌನವು ಒಂದೆಡೆ ಗುಣವಾಗಿಯೂ ಇನ್ನೊಂದೆಡೆ ದೋಷವಾಗಿಯೂ ಪರಿಣಮಿಸುವುದು ಔಚಿತ್ಯಭೇದದಿಂದ. ಎರಡನ್ನೂ ಸೇರಿಸಿ ಓದಿದಾಗ ಮಾತ್ರ ವಾಕ್ಯವು ನಿರಾಕಾಂಕ್ಷವಾಗುತ್ತದೆ.

ವಿಷಯವು ಇಲ್ಲಿಗೆ ಮುಗಿದಿಲ್ಲ. ವಿಶ್ವವಿಕಾಸದ ವೇಗವನ್ನು ಈ ವಿಕಿರಣದಿಂದ ಗಣಿಸಿದರೆ, ಹತ್ತು ಲಕ್ಷ ಪಾರ್ಸೆಕ್ ದೂರಕ್ಕೆ ಸೆಕೆಂಡಿಗೆ ಸುಮಾರು ೬೭ ಕಿಲೋಮೀಟರ್ ಎಂದು ಬರುತ್ತದೆ. ನಕ್ಷತ್ರಗಳ ಮೂಲಕ ಅಳೆದ ಒಂದು ಪ್ರಮುಖ ಗಣನೆಯಲ್ಲಿ ಸುಮಾರು ೭೩ ಎಂದು ಬರುತ್ತದೆ. ಎರಡು ಪಕ್ಷಗಳ ದೋಷಮಿತಿಗಳನ್ನೂ ಮೀರಿದ ಅಂತರವಿದು. ಇಲ್ಲಿಯೂ ಒಂದು ಶೇಷ ಉಳಿದಿದೆ. ಅದು ಲೆಕ್ಕದ ದೋಷವೋ ಹೊಸ ಪದಾರ್ಥವೋ ನಿರ್ಣಯವಾಗಿಲ್ಲ. ಅದನ್ನು ನಿರ್ಣಯಿಸುವವರಿಗೆ ೧೯೬೫ರ ಆ ಚಿಕ್ಕ ಪತ್ರದ ಲೆಕ್ಕದ ಕ್ರಮವೂ ಸಾಹಿತ್ಯವನ್ನು ಬೋಧಿಸುವವರಿಗೆ ಅದರ ಮಾತಿನ ಕ್ರಮವೂ ಆದರ್ಶವಾಗತಕ್ಕದ್ದೆಂದು ಹೇಳಿ ವಿರಮಿಸಬಹುದು. ಇತ್ಯಲಂ ವಿಸ್ತರೇಣ.